ಹಾವೇರಿ ಸೀಮೆಯಲ್ಲಿ ಕಿರುಪ್ರಮಾಣದ ಧ್ವನಿಸಾಂದ್ರಿಕೆ ತಯಾರಿಕೆ

ಕಿರುಪ್ರಮಾಣದ ಧ್ವನಿಸಾಂದ್ರಿಕೆ ತಯಾರಿಕೆ ಎಂದರೆ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಆಶ್ರಯವಿಲ್ಲದ ಗಾಯಕರು, ವಾದಕರು ಹಾಗೂ ಮೇಳಗಳು ತಮ್ಮ ಸಂಗೀತವನ್ನು ಸ್ವಂತ ಖರ್ಚಿನಲ್ಲಿ ಧ್ವನಿಮುದ್ರಿಸಿ, ಐವತ್ತರಿಂದ ಸಾವಿರದವರೆಗಿನ ಪ್ರತಿಗಳಲ್ಲಿ ಸಿ.ಡಿ. ರೂಪದಲ್ಲಿ ಹೊರತರುವ ಕಾರ್ಯ. ಕರ್ನಾಟಕದ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳ ಸುತ್ತಲಿನ ಸೀಮೆಯಲ್ಲಿ ತತ್ತ್ವಪದ, ಭಜನೆ, ದಾಸರ ಪದ, ವಚನ, ಲಾವಣಿ, ಡೊಳ್ಳಿನ ಹಾಡು ಮತ್ತು ರಂಗಗೀತೆಗಳ ಕಲಾವಿದರಿಗೆ ಇದು ಸಹಜವಾಗಿ ಒದಗುವ ಮಾರ್ಗ. ಪ್ರತಿಗಳ ಸಂಖ್ಯೆ ಎಷ್ಟೆಂಬುದರ ಮೇಲೆ ತಯಾರಿಕೆಯ ವಿಧಾನ, ವೆಚ್ಚ ಮತ್ತು ಮುದ್ರಿತ ಸಂಗೀತದ ಆಯುಷ್ಯ ಈ ಮೂರೂ ನಿರ್ಧಾರವಾಗುತ್ತವೆ.

ಹಿನ್ನೆಲೆ

ಹಾವೇರಿ ಜಿಲ್ಲೆಯ ಸಂಗೀತ ಪರಂಪರೆ ಬಹುಮಟ್ಟಿಗೆ ಹಾಡುಗಬ್ಬದ ಪರಂಪರೆ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರ ಮತ್ತು ಮಾಲತೇಶನ ದೇವರಗುಡ್ಡ ರಾಣೆಬೆನ್ನೂರು ತಾಲ್ಲೂಕಿನಲ್ಲಿವೆ. ಶಿಶುನಾಳ ಶರೀಫರ (1819–1889) ಶಿಶುವಿನಹಾಳ ಶಿಗ್ಗಾವಿ ತಾಲ್ಲೂಕಿಗೆ ಸೇರಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ನೂರಾರು ಅಂಧ ಹಾಗೂ ಬಡ ವಿದ್ಯಾರ್ಥಿಗಳಿಗೆ ಸಂಗೀತ ಕಲಿಸಿದ ಪಂಚಾಕ್ಷರ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದವರು. ಊರೂರಿನ ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂ ಹಿಡಿದು ಕೂತವರಲ್ಲಿ ಆ ಆಶ್ರಮದ ಶಿಷ್ಯಪರಂಪರೆಯವರು ಇಂದಿಗೂ ಕಾಣಸಿಗುತ್ತಾರೆ.

ಗ್ರಾಮಫೋನ್ ಕಾಲದಲ್ಲಿ ಯಾವ ಗಾಯಕರನ್ನು, ಯಾವ ಹಾಡನ್ನು, ಯಾವ ಹೆಸರಿನಲ್ಲಿ ಮುದ್ರಿಸಬೇಕೆಂಬುದನ್ನು ಕಂಪನಿಯೇ ನಿರ್ಧರಿಸುತ್ತಿತ್ತು. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹೊರಬಂದುದು ಇದಕ್ಕೆ ಒಳ್ಳೆಯ ನಿದರ್ಶನ. ಕ್ಯಾಸೆಟ್ಟಿನ ಆಗಮನದಿಂದ ಈ ಹಿಡಿತ ಸಡಿಲವಾಯಿತು. ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ (1978) ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾಗಿದೆ. ಮುಂದಿನ ಎರಡು ದಶಕಗಳಲ್ಲಿ ಜಾತ್ರೆಯ ಅಂಗಡಿಗಳಲ್ಲಿ ಭಕ್ತಿಗೀತೆ, ನಾಟಕ ಮತ್ತು ಜಾನಪದದ ಕ್ಯಾಸೆಟ್ಟುಗಳು ರಾಶಿಯಾಗಿ ಬಂದವು. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಜೊತೆಯಾಗಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಸಿ.ಡಿ. ಮೊದಲಿಗೆ ಇಂಥ ಕಲಾವಿದರ ಕೈಗೆಟುಕುವಂತಿರಲಿಲ್ಲ. ಒಂದೊಂದೇ ಪ್ರತಿಯನ್ನು ಗಣಕದಲ್ಲಿ ಬರೆದುಕೊಳ್ಳಬಹುದಾದ ಖಾಲಿ ಸಿ.ಡಿ.ಗಳು ಅಗ್ಗವಾದ ಮೇಲೆ ಚಿತ್ರ ಬದಲಾಯಿತು. ಮದುವೆಯ ವಿಡಿಯೊಗಳನ್ನು ಸಿ.ಡಿ.ಗೆ ಹಾಕಿಕೊಡುತ್ತಿದ್ದ ಫೋಟೊ ಸ್ಟುಡಿಯೊಗಳ ಬಳಿ ಅದಕ್ಕೆ ಬೇಕಾದ ಸಲಕರಣೆ ಆಗಲೇ ಇತ್ತು.

ಬರೆದ ಸಿ.ಡಿ. ಮತ್ತು ಅಚ್ಚೊತ್ತಿದ ಸಿ.ಡಿ.

ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಸಿ.ಡಿ.ಗಳು ತಯಾರಿಕೆಯಲ್ಲಿ ಸಂಪೂರ್ಣ ಬೇರೆಯಾಗಿರಬಹುದು. ಎರಡರದೂ ವ್ಯಾಸ 120 ಮಿ.ಮೀ., ದಪ್ಪ 1.2 ಮಿ.ಮೀ. ಎರಡರಲ್ಲಿಯೂ ಧ್ವನಿಯು ಒಳಸುತ್ತಿನಿಂದ ಹೊರಸುತ್ತಿನ ಕಡೆಗೆ ಸಾಗುವ ಒಂದೇ ಸುರುಳಿರೇಖೆಯ ರೂಪದಲ್ಲಿರುತ್ತದೆ. ಬಿಚ್ಚಿ ಹಾಸಿದರೆ ಈ ರೇಖೆ 5 ಕಿ.ಮೀ.ಗೂ ಉದ್ದವಾಗುತ್ತದೆ.

ಅಚ್ಚೊತ್ತಿದ ಸಿ.ಡಿ.ಯಲ್ಲಿ ಈ ರೇಖೆಯು ಅತಿ ಸೂಕ್ಷ್ಮವಾದ ಗುಳಿಗಳಿಂದ ಕೂಡಿರುತ್ತದೆ. ಕಾರ್ಖಾನೆಯಲ್ಲಿ ಮೊದಲು ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಗಾಜಿನ ಫಲಕದ ಮೇಲೆ ಲೇಸರ್ ಕಿರಣದಿಂದ ಮೂಲವನ್ನು ಕೆತ್ತಲಾಗುತ್ತದೆ. ಅದರ ಮೇಲೆ ನಿಕ್ಕಲ್ ಲೋಹವನ್ನು ವಿದ್ಯುತ್ತಿನಿಂದ ಬೆಳೆಸಿ ಅಚ್ಚುಗಳನ್ನು ತೆಗೆಯುತ್ತಾರೆ. ಕರಗಿಸಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಆ ಅಚ್ಚಿಗೆ ಒತ್ತಡದಿಂದ ತುಂಬಿದಾಗ ಕೆಲವೇ ಸೆಕೆಂಡುಗಳಲ್ಲಿ ಒಂದು ತಟ್ಟೆ ಸಿದ್ಧವಾಗುತ್ತದೆ. ಬಳಿಕ ಅದಕ್ಕೆ ಅಲ್ಯೂಮಿನಿಯಂನ ತೆಳು ಪದರ, ಅದರ ಮೇಲೆ ರಕ್ಷಣೆಯ ಅರಗು, ಎಲ್ಲಕ್ಕೂ ಮೇಲೆ ಹೆಸರಿನ ಮುದ್ರಣ. ಮೂಲ ಅಚ್ಚಿನ ವೆಚ್ಚ ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಆದಕಾರಣ ಕಾರ್ಖಾನೆಗಳು ಸಾಮಾನ್ಯವಾಗಿ 500 ಅಥವಾ 1000 ಪ್ರತಿಗಳಿಗಿಂತ ಕಡಿಮೆಯ ಬೇಡಿಕೆಯನ್ನು ಒಪ್ಪಿಕೊಳ್ಳುವುದಿಲ್ಲ.

ಬರೆದ ಸಿ.ಡಿ.ಯಲ್ಲಿ ಗುಳಿಗಳಿಲ್ಲ. ಅದರ ಬೆಳ್ಳಿಯ ಪದರದ ಕೆಳಗೆ ಸಾವಯವ ಬಣ್ಣದ ಒಂದು ಪದರವಿದ್ದು, ಬರೆಯುವ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಮಾರ್ಪಡಿಸುತ್ತದೆ. ಓದುವ ಯಂತ್ರಕ್ಕೆ ಆ ಗುರುತುಗಳೇ ಗುಳಿಗಳಂತೆ ತೋರುತ್ತವೆ. ಅಚ್ಚಿನ ಖರ್ಚು ಇಲ್ಲದಿರುವುದರಿಂದ ಹತ್ತು ಪ್ರತಿಯನ್ನೂ ಮಾಡಿಸಬಹುದು. ಒಂದು ಮೂಲವನ್ನು ಓದಿ ಹಲವು ಖಾಲಿ ತಟ್ಟೆಗಳಿಗೆ ಏಕಕಾಲದಲ್ಲಿ ಬರೆಯುವ, ಮಹಡಿಯಂತೆ ಒಂದರ ಮೇಲೊಂದು ಡ್ರೈವ್‌ಗಳಿರುವ ಯಂತ್ರದಿಂದ ಒಂದೇ ದಿನದಲ್ಲಿ ಇನ್ನೂರು ಪ್ರತಿ ತಯಾರಿಸುವುದು ಕಷ್ಟವಲ್ಲ. ಆದರೆ ಇಲ್ಲಿ ಪ್ರತಿಯೊಂದು ತಟ್ಟೆಗೂ ಹೊಸದಾಗಿ ಸಮಯ ಮತ್ತು ಹಣ ತಗಲುತ್ತದೆ. ಸಂಖ್ಯೆ ಹೆಚ್ಚಿದಂತೆ ತಲಾ ವೆಚ್ಚ ಹೆಚ್ಚೇನೂ ಇಳಿಯುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮುನ್ನೂರು ಪ್ರತಿಗಳೊಳಗೆ ಬರೆಸುವುದು ಲಾಭಕರ, ಐನೂರು ದಾಟಿದರೆ ಅಚ್ಚೊತ್ತಿಸುವುದು ಲಾಭಕರ. ನಡುವಿನ ಸಂಖ್ಯೆಗೆ ಎರಡೂ ಕಡೆಯ ದರ ವಿಚಾರಿಸಬೇಕಾಗುತ್ತದೆ.

ಬರೆಯುವಾಗ ಆಗುವ ತಪ್ಪುಗಳು ಕಣ್ಣಿಗೆ ಕಾಣವು. ಯಂತ್ರವು ಅನುಮತಿಸುವ ಅತ್ಯಂತ ಹೆಚ್ಚಿನ ವೇಗದಲ್ಲಿ, ಅತ್ಯಂತ ಅಗ್ಗದ ಖಾಲಿ ತಟ್ಟೆಗೆ ಬರೆದ ಪ್ರತಿಯು ಸ್ಟುಡಿಯೊದ ಗಣಕದಲ್ಲಿ ಸರಿಯಾಗಿ ನುಡಿದು, ಕೊಂಡವರ ಮನೆಯ ಹಳೆಯ ಪ್ಲೇಯರ್‌ನಲ್ಲಿ ಮೂರನೆಯ ಹಾಡಿಗೆ ಮುಗ್ಗರಿಸಬಹುದು. ಆದ್ದರಿಂದ ಮಧ್ಯಮ ವೇಗದಲ್ಲಿ, ಆರಂಭದಿಂದ ಕೊನೆಯವರೆಗೆ ನಡುವೆ ನಿಲ್ಲಿಸದೆ ಬರೆಯಬೇಕು. ಪ್ರತಿ ಕಂತಿನಿಂದ ಕೆಲವನ್ನು ಆರಿಸಿ ಸಾಧಾರಣ ಪ್ಲೇಯರ್‌ನಲ್ಲಿ ಪೂರ್ತಿ ಕೇಳಿ ನೋಡುವುದು ರೂಢಿ.

ಎಂ.ಪಿ.3 ಕಡತಗಳನ್ನು ತುಂಬಿದ ತಟ್ಟೆ ಮೂರನೆಯ ಬಗೆ. ಸಾಮಾನ್ಯ ಗುಣಮಟ್ಟದಲ್ಲಿ ಒಂದೇ ತಟ್ಟೆಯಲ್ಲಿ ಸುಮಾರು 12 ಗಂಟೆಗಳ ಸಂಗೀತ ಹಿಡಿಯುತ್ತದೆ. ಸಂತೆ ಜಾತ್ರೆಗಳಲ್ಲಿ ನೂರಾರು ಹಾಡುಗಳ ಇಂಥ ತಟ್ಟೆಗಳು ಬಂದ ಮೇಲೆ ಎಂಟು ಹಾಡಿನ ಸಿ.ಡಿ.ಯನ್ನು ಹಣ ಕೊಟ್ಟು ಕೊಳ್ಳುವವರು ಕಡಿಮೆಯಾದರು.

ಧ್ವನಿಮುದ್ರಣ ಮತ್ತು ಮೂಲಪ್ರತಿ

ಸಂಗೀತದ ಸಿ.ಡಿ.ಯ ಧ್ವನಿಯನ್ನು ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ಗಳಲ್ಲಿ, ಎರಡು ವಾಹಿನಿಗಳಾಗಿ ದಾಖಲಿಸಲಾಗುತ್ತದೆ. ಒಂದು ತಟ್ಟೆಗೆ 74 ಅಥವಾ 80 ನಿಮಿಷಗಳ ಮಿತಿಯಿದೆ. ಈ ಮಿತಿ ಭಾವಗೀತೆಗೆ ಧಾರಾಳವಾಯಿತು, ಲಾವಣಿಗೆ ಇಕ್ಕಟ್ಟಾಯಿತು. ಹರದೇಶಿ–ನಾಗೇಶಿ ವಾದದ ಗೀಗೀ ಮೇಳಗಳು ಬೆಳಗಿನವರೆಗೆ ಸವಾಲು ಜವಾಬು ನಡೆಸುವಂಥವು. ಸಿ.ಡಿ.ಗಾಗಿ ಅದನ್ನು ಕತ್ತರಿಸಿದಾಗ ಸವಾಲು ಒಂದು ತಟ್ಟೆಯಲ್ಲಿ, ಜವಾಬು ಇನ್ನೊಂದರಲ್ಲಿ ಉಳಿಯುವ ಸಂದರ್ಭವುಂಟು. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗಿದ್ದ ಕ್ಯಾಸೆಟ್ಟಿನ ಕಾಲಕ್ಕಿಂತ ಇದು ಮೇಲು.

ಡೊಳ್ಳು, ತಾಳ ಮತ್ತು ದಮ್ಮಡಿಗಳ ಪೆಟ್ಟು ಧ್ವನಿಮುದ್ರಣಕಾರನಿಗೆ ಪರೀಕ್ಷೆಯೊಡ್ಡುತ್ತದೆ. ಡಿಜಿಟಲ್ ಮುದ್ರಣದಲ್ಲಿ ಮಿತಿ ಮೀರಿದ ಪೆಟ್ಟು ತಲೆ ಕತ್ತರಿಸಿದಂತೆ ಒಡೆದು ಕೇಳುತ್ತದೆ, ಅದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಆದ್ದರಿಂದ ಮಟ್ಟವನ್ನು ತಗ್ಗಿಸಿಟ್ಟು ಮುದ್ರಿಸುವುದು ಕ್ಷೇಮ. ಮುಚ್ಚಿದ ಸಣ್ಣ ಸ್ಟುಡಿಯೊ ಕೋಣೆಯಲ್ಲಿ ಎಂಟು ಜನರ ಭಜನಾ ಮೇಳವನ್ನು ಒಬ್ಬೊಬ್ಬರಾಗಿ ಹಾಡಿಸಿ ಕೂಡಿಸಿದರೆ ಸದ್ದು ಶುದ್ಧವಾಗುತ್ತದೆ, ಆದರೆ ಒಬ್ಬರ ಸೊಲ್ಲನ್ನು ಇನ್ನೊಬ್ಬರು ಎತ್ತಿಕೊಳ್ಳುವ ಓಘ ಇಲ್ಲವಾಗುತ್ತದೆ. ಮೇಳವು ದಿನವೂ ಕೂಡುವ ಗುಡಿಯ ಹಜಾರದಲ್ಲಿ, ಕೆಲವೇ ಮೈಕುಗಳಿಂದ, ಫ್ಯಾನು ನಿಲ್ಲಿಸಿ, ರಾತ್ರಿ ಊರು ಮಲಗಿದ ಮೇಲೆ ಮಾಡಿದ ಮುದ್ರಣ ಬಹಳ ಸಲ ಇದಕ್ಕಿಂತ ಉತ್ತಮವಾಗಿರುತ್ತದೆ.

ಹಾಡುಗಳ ಮಟ್ಟವನ್ನು ಸಮಗೊಳಿಸಿ, ಅನುಕ್ರಮ ಹಾಗೂ ನಡುವಿನ ಬಿಡುವುಗಳನ್ನು ನಿಗದಿಪಡಿಸಿದ ಬಳಿಕ ಮೂಲಪ್ರತಿ ಸಿದ್ಧವಾಗುತ್ತದೆ. ಒಂದು ತಟ್ಟೆಯಲ್ಲಿ ಗರಿಷ್ಠ 99 ಭಾಗಗಳಿರಬಹುದು. ಹಾಡಿನ ಹೆಸರು ಪ್ಲೇಯರ್‌ನ ಪರದೆಯಲ್ಲಿ ಮೂಡುವಂತೆ ಮಾಡುವ ಸಿ.ಡಿ. ಟೆಕ್ಸ್ಟ್ ವ್ಯವಸ್ಥೆಯಲ್ಲಿ ಕನ್ನಡ ಲಿಪಿಗೆ ಅವಕಾಶವಿಲ್ಲ. ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಕೊಡಬೇಕು, ಇಲ್ಲವೇ ಬಿಡಬೇಕು.

ಮುಖಪುಟ ಮತ್ತು ಮುದ್ರಣ

ಅಚ್ಚೊತ್ತುವ ಕಾರ್ಖಾನೆಗಳಿರುವುದು ದೊಡ್ಡ ನಗರಗಳ ಬಳಿ. ಧ್ವನಿಮುದ್ರಣ, ಮುಖಪುಟದ ಮುದ್ರಣ ಮತ್ತು ಬರೆಯುವ ಕೆಲಸಗಳನ್ನು ಜಿಲ್ಲೆಯಲ್ಲಿ ಅಥವಾ ಸಮೀಪದಲ್ಲಿ ಮಾಡಿಸಿಕೊಳ್ಳಬಹುದು. ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರುಗಳು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದಲ್ಲಿರುವುದರಿಂದ ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ದಾವಣಗೆರೆಗೆ ಬೆಳಿಗ್ಗೆ ಹೋಗಿ ಸಂಜೆ ಮರಳಲು ಸಾಧ್ಯ.

ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಂಬದಿಗೆ ಸುಮಾರು 12 ಸೆಂ.ಮೀ. ಚೌಕದ ಹಾಳೆ, ಹಿಂಬದಿಗೆ ಎರಡು ಅಂಚುಗಳನ್ನು ಮಡಿಚಿದ ಇನ್ನೊಂದು ಹಾಳೆ ಬೇಕು. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ ಖರ್ಚು ಸ್ಥಿರವಾಗಿರುವುದರಿಂದ ಇನ್ನೂರು ಹಾಳೆಗೂ ಐನೂರು ಹಾಳೆಗೂ ದರದಲ್ಲಿ ಅಂತರ ಅಲ್ಪ. ಮುಖಪುಟಗಳನ್ನು ಒಮ್ಮೆಲೇ ಐನೂರು ಮುದ್ರಿಸಿಟ್ಟುಕೊಂಡು, ತಟ್ಟೆಗಳನ್ನು ಮಾತ್ರ ಬೇಡಿಕೆ ಬಂದಂತೆ ಐವತ್ತೈವತ್ತು ಬರೆಸಿಕೊಳ್ಳುವುದು ಜಾಣತನದ ಕ್ರಮ. ತಟ್ಟೆಯ ಮೇಲ್ಮೈಗೆ ಎರಡು ಮೂರು ಬಣ್ಣಗಳಾದರೆ ಸ್ಕ್ರೀನ್ ಪ್ರಿಂಟಿಂಗ್ ಬಾಳಿಕೆಯ ವಿಧಾನ. ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಈ ಕಸುಬು ಪರಿಚಿತವೇ. ಬಿಳಿ ಮೇಲ್ಮೈಯ ತಟ್ಟೆಗೆ ಇಂಕ್‌ಜೆಟ್‌ನಿಂದ ಮುದ್ರಿಸಿದ ಚಿತ್ರ ಅಂದವಾಗಿದ್ದರೂ ಒದ್ದೆ ಕೈ ತಗಲಿದರೆ ಕದಡುತ್ತದೆ. ಕಾಗದದ ಸ್ಟಿಕ್ಕರ್ ಅಂಟಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ: ತಟ್ಟೆಯ ತೂಕ ಒಂದು ಮಗ್ಗುಲಿಗೆ ವಾಲುತ್ತದೆ, ಬಿಸಿಗೆ ಅಂಟು ಬಿಟ್ಟು ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ.

ಕನ್ನಡ ಅಕ್ಷರಗಳ ವಿಷಯದಲ್ಲಿ ಪ್ರತ್ಯೇಕ ಎಚ್ಚರ ಅಗತ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಜೋಡಿಸಿದ ಕಡತವನ್ನು ಆ ಶೈಲಿಗಳಿಲ್ಲದ ಬೇರೆ ಊರಿನ ಗಣಕದಲ್ಲಿ ತೆರೆದರೆ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್ ಪಠ್ಯವನ್ನು ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರಗಳು ಮತ್ತು ಅರ್ಕಾವತ್ತು ಸ್ಥಾನಪಲ್ಲಟವಾಗುತ್ತವೆ. ಕನ್ನಡ ಓದಲು ಬಾರದ ಕಾರ್ಖಾನೆಯ ನೌಕರರು ಈ ತಪ್ಪನ್ನು ಹಿಡಿಯಲಾರರು. ಅಕ್ಷರಗಳನ್ನೆಲ್ಲ ರೇಖಾಚಿತ್ರವಾಗಿ ಪರಿವರ್ತಿಸಿ ಕಳುಹಿಸುವುದು, ಮುದ್ರಣಕ್ಕೆ ಮುಂಚೆ ಕರಡನ್ನು ಕಾಗದದ ಮೇಲೆ ತರಿಸಿ ನೋಡುವುದು ಇದಕ್ಕೆ ಪರಿಹಾರ.

ಪದ, ಧಾಟಿ ಮತ್ತು ಕೃತಿಸ್ವಾಮ್ಯ

ಇನ್ನೂರು ಪ್ರತಿಗಳ ಸಿ.ಡಿ.ಗೂ ಎರಡು ಲಕ್ಷ ಪ್ರತಿಗಳ ಸಿ.ಡಿ.ಗೂ ಕೃತಿಸ್ವಾಮ್ಯ ಅಧಿನಿಯಮ, 1957 ಸಮಾನವಾಗಿ ಅನ್ವಯಿಸುತ್ತದೆ. ಈ ಕಾನೂನಿನ ದೃಷ್ಟಿಯಲ್ಲಿ ಒಂದು ಹಾಡು ಮೂರು ಪ್ರತ್ಯೇಕ ವಸ್ತುಗಳ ಕೂಡಿಕೆ: ಪದಗಳು ಸಾಹಿತ್ಯ ಕೃತಿ, ಧಾಟಿ ಸಂಗೀತ ಕೃತಿ, ಮುದ್ರಿತ ರೂಪವು ಧ್ವನಿಮುದ್ರಣ. ಮೂರಕ್ಕೂ ಬೇರೆ ಬೇರೆ ಒಡೆಯರಿರಬಹುದು.

ಸಾಹಿತ್ಯ ಮತ್ತು ಸಂಗೀತ ಕೃತಿಗಳ ಸ್ವಾಮ್ಯವು ಕರ್ತೃವು ತೀರಿಕೊಂಡ ವರ್ಷ ಮುಗಿದ ಬಳಿಕ 60 ವರ್ಷಗಳವರೆಗೆ ಇರುತ್ತದೆ. ಧ್ವನಿಮುದ್ರಣದ ಸ್ವಾಮ್ಯದ ಅವಧಿ ಅದು ಪ್ರಕಟವಾದ ವರ್ಷದ ನಂತರ 60 ವರ್ಷ. ಇದರಂತೆ ಕನಕದಾಸ, ಸರ್ವಜ್ಞ ಮತ್ತು ವಚನಕಾರರ ಪದಗಳನ್ನು ಯಾರು ಬೇಕಾದರೂ ಹಾಡಿ ಮುದ್ರಿಸಬಹುದು. 1981ರಲ್ಲಿ ನಿಧನರಾದ ದ. ರಾ. ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಪಡೆಯಬೇಕು.

ಶಿಶುನಾಳ ಶರೀಫರ ಪದಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಪದಗಳು ಎಲ್ಲರ ಸೊತ್ತು. ಆದರೆ ಇಂದು ನಾಡಿನಾದ್ಯಂತ ಜನರ ಕಿವಿಯಲ್ಲಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥ್ ಸಂಯೋಜಿಸಿದ ಧಾಟಿಗಳು. ಟಿ. ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಲನಚಿತ್ರಕ್ಕೂ ಅವರದೇ ಸಂಗೀತ. ಅಶ್ವತ್ಥರು ನಿಧನರಾದದ್ದು 2009ರಲ್ಲಿ. ಆ ಧಾಟಿಗಳು ಇನ್ನೂ ಹಲವು ದಶಕಗಳ ಕಾಲ ರಕ್ಷಿತ ಕೃತಿಗಳು. ಒಂದೊಂದು ಧಾಟಿಯ ಹಕ್ಕು ಯಾರ ಬಳಿಯಿದೆಯೆಂಬುದು ಆಯಾ ಕಾಲದ ಕರಾರುಗಳನ್ನು ಅವಲಂಬಿಸಿದೆ. ಶರೀಫರ ಊರಿನ ಸುತ್ತಲಿನ ಭಜನಾ ಮಂಡಳಿಗಳು ತಲೆಮಾರುಗಳಿಂದ ಹಾಡಿಕೊಂಡು ಬಂದ ಸಾಂಪ್ರದಾಯಿಕ ಧಾಟಿಗಳಿಗೆ ಇಂಥ ಒಡೆತನವಿಲ್ಲ. ಊರ ಮೇಳವೊಂದು ತನ್ನ ಅಜ್ಜಂದಿರ ಧಾಟಿಯನ್ನು ಬಿಟ್ಟು ಜನಪ್ರಿಯ ಧಾಟಿಯಲ್ಲಿ ಸಿ.ಡಿ. ಮಾಡಿದರೆ ಕಾನೂನಿನ ತೊಡಕಿಗೂ ಸಿಕ್ಕಿಕೊಳ್ಳುತ್ತದೆ, ಬೇರೆಲ್ಲೂ ದಾಖಲಾಗದ ಒಂದು ಧಾಟಿಯನ್ನು ಉಳಿಸುವ ಅವಕಾಶವನ್ನೂ ಕಳೆದುಕೊಳ್ಳುತ್ತದೆ.

ಈಗಾಗಲೇ ಪ್ರಕಟವಾದ ಹಾಡನ್ನು ಮರುಹಾಡಿ ಮುದ್ರಿಸಲು 2012ರ ತಿದ್ದುಪಡಿಯಿಂದ ಸೇರಿದ 31ಸಿ ಪ್ರಕರಣದಲ್ಲಿ ಶಾಸನಬದ್ಧ ಪರವಾನಗಿಯ ವ್ಯವಸ್ಥೆಯಿದೆ. ಮೊದಲ ಮುದ್ರಣವಾದ ವರ್ಷದ ನಂತರ ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ಸೂಚನೆ ನೀಡಿ ರಾಜಧನ ಪಾವತಿಸಬೇಕು. ಆದರೆ ಪ್ರತಿ ಕೃತಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಜಧನವನ್ನು ಕೊಡಬೇಕೆಂಬ ನಿಯಮವೂ ಅದರಲ್ಲೇ ಇದೆ. ನಿರ್ದಿಷ್ಟ ಭಾಷೆ ಅಥವಾ ಉಪಭಾಷೆಯ ಕೃತಿಗಳಿಗೆ ಪ್ರಸಾರದ ಸಾಧ್ಯತೆಯನ್ನು ನೋಡಿ ಈ ಕನಿಷ್ಠವನ್ನು ತಗ್ಗಿಸಲು ಅವಕಾಶವಿದ್ದರೂ, ಇನ್ನೂರು ಪ್ರತಿ ಮಾಡಿಸುವವರಿಗೆ ಈ ದಾರಿ ದುಬಾರಿಯೇ. ಹಕ್ಕುದಾರರಿಂದ ನೇರವಾಗಿ ಲಿಖಿತ ಒಪ್ಪಿಗೆ ಪಡೆಯುವುದೇ ಅವರಿಗಿರುವ ವ್ಯಾವಹಾರಿಕ ಮಾರ್ಗ.

ಮೇಳದ ಒಳಗಿನ ಹಕ್ಕುಗಳ ಪ್ರಶ್ನೆ ಇದರಷ್ಟೇ ಮುಖ್ಯ, ಆದರೆ ಹೆಚ್ಚಾಗಿ ಉಪೇಕ್ಷಿತ. ಧ್ವನಿಮುದ್ರಣಕ್ಕೆ ಮುಂದಾಗಿ ಹೊಣೆ ಹೊತ್ತವರನ್ನು ಕಾನೂನು ನಿರ್ಮಾಪಕರೆಂದೂ ಆ ಧ್ವನಿಮುದ್ರಣದ ಕರ್ತೃವೆಂದೂ ಪರಿಗಣಿಸುತ್ತದೆ. ಖರ್ಚು ಕೊಟ್ಟ ದಾನಿ, ಸ್ಟುಡಿಯೊದ ಮಾಲೀಕ, ಮೇಳದ ಮುಖ್ಯಸ್ಥ ಇವರಲ್ಲಿ ಆ ಸ್ಥಾನ ಯಾರದೆಂದು ಮೊದಲೇ ಬರೆದಿಡದಿದ್ದರೆ, ಹಾಡು ಮುಂದೆಂದೋ ಜನಪ್ರಿಯವಾದಾಗ ಕಲಹ ಹುಟ್ಟುತ್ತದೆ. ಹಾಡಿದವರು ಮತ್ತು ನುಡಿಸಿದವರೆಲ್ಲರಿಗೂ ಪ್ರದರ್ಶನಕಾರರ ಹಕ್ಕು ಇದೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರವೆಂದು ಭಾವಿಸಲಾಗುತ್ತದೆ. ಆಡಿಯೊ ಸಂಸ್ಥೆಗೆ ಹಳೆಯ ಕಾಗದಕ್ಕೆ ಸಹಿ ಹಾಕಿಕೊಟ್ಟ ಕಲಾವಿದರು ಈ ಒಂದು ಅಂಶವನ್ನು ತಿಳಿದಿರುವುದು ಒಳಿತು.

52ಎ ಪ್ರಕರಣದ ಪ್ರಕಾರ ತಟ್ಟೆಯ ಮೇಲೂ ಅದರ ಹೊದಿಕೆಯ ಮೇಲೂ ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಕೃತಿಸ್ವಾಮ್ಯ ಹೊಂದಿದವರ ಹೆಸರು ವಿಳಾಸ ಮತ್ತು ಮೊದಲು ಪ್ರಕಟವಾದ ವರ್ಷವನ್ನು ಮುದ್ರಿಸುವುದು ಕಡ್ಡಾಯ. ಉಲ್ಲಂಘನೆ ದಂಡನಾರ್ಹ. ಮಠಾಧೀಶರ, ದಾನಿಗಳ ಮತ್ತು ರಾಜಕಾರಣಿಗಳ ಭಾವಚಿತ್ರಗಳಿಗೆ ಮುಖಪುಟದಲ್ಲಿ ಜಾಗ ದೊರೆತು ವರ್ಷಕ್ಕೇ ಜಾಗ ಸಿಗದಿರುವುದು ಇಂಥ ಸಿ.ಡಿ.ಗಳ ಸಾಮಾನ್ಯ ದೋಷ. ಕಾನೂನಿನ ಮಾತು ಹಾಗಿರಲಿ, ವರ್ಷ ಮತ್ತು ವಾದಕರ ಹೆಸರುಗಳಿಲ್ಲದ ಸಿ.ಡಿ.ಯಿಂದ ಮುಂದಿನ ಸಂಶೋಧಕರಿಗೆ ಅರ್ಧ ಪ್ರಯೋಜನವೂ ಇಲ್ಲ.

ಬಿಡುಗಡೆ ಮತ್ತು ಹಂಚಿಕೆ

ಜಾತ್ರೆ, ಪುಣ್ಯಸ್ಮರಣೆ, ಮಠದ ಉತ್ಸವ ಅಥವಾ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಧ್ವನಿಸಾಂದ್ರಿಕೆ ಬಿಡುಗಡೆ ನಡೆಯುತ್ತದೆ. ಪ್ರತಿಗಳ ಗಣನೀಯ ಪಾಲು ಅತಿಥಿಗಳಿಗೆ ಮತ್ತು ದಾನಿಗಳಿಗೆ ಕಾಣಿಕೆಯಾಗಿ ಹೋಗುತ್ತದೆ. ಉಳಿದವು ಕಾರ್ಯಕ್ರಮಗಳ ಬಳಿಯೇ ಮಾರಾಟವಾಗಬೇಕು. ಮೇಳಕ್ಕೆ ಮುಂದಿನ ಕಾರ್ಯಕ್ರಮ ದೊರಕಿಸಿಕೊಡುವ ಪರಿಚಯಪತ್ರವಾಗಿಯೂ ಸಿ.ಡಿ. ಕೆಲಸ ಮಾಡುತ್ತದೆ. ಮೊಬೈಲ್ ಮತ್ತು ಪೆನ್‌ಡ್ರೈವ್‌ಗಳು ವ್ಯಾಪಿಸಿ, ಹೊಸ ಕಾರು ಹಾಗೂ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಕಿಂಡಿಯೇ ಇಲ್ಲವಾದ ಮೇಲೆ ಕೇಳುವ ಸಾಧನವಾಗಿ ಅದರ ಬಳಕೆ ಕುಗ್ಗಿದೆ. ದೇಶದಲ್ಲಿ ಖಾಲಿ ಸಿ.ಡಿ.ಗಳ ಬಹುದೊಡ್ಡ ತಯಾರಕ ಸಂಸ್ಥೆಯಾಗಿದ್ದ ಮೋಸರ್ ಬೇರ್ 2018ರಲ್ಲಿ ಸಮಾಪನೆಗೆ ಒಳಗಾಯಿತು. ಅಂತರಜಾಲದಲ್ಲಿ ಹಾಡನ್ನು ಪ್ರಕಟಿಸಿ, ಅದರ ಕೊಂಡಿಯ ಕ್ಯೂಆರ್ ಸಂಕೇತವನ್ನು ಸಿ.ಡಿ.ಯ ಮುಖಪುಟದಲ್ಲಿ ಅಚ್ಚು ಹಾಕಿಸಿದರೆ ಎರಡೂ ಕಡೆಯ ಕೇಳುಗರನ್ನು ತಲುಪಬಹುದು.

ಬಾಳಿಕೆ ಮತ್ತು ಸಂರಕ್ಷಣೆ

ಅಚ್ಚೊತ್ತಿದ ಸಿ.ಡಿ.ಯನ್ನು ಜೋಪಾನ ಮಾಡಿದರೆ ಹಲವು ದಶಕ ಬಾಳುತ್ತದೆ. ಬರೆದ ಸಿ.ಡಿ.ಗೆ ಆ ಭರವಸೆ ಇಲ್ಲ. ಅದರ ಬಣ್ಣದ ಪದರ ಬೆಳಕಿಗೆ, ಬಿಸಿಗೆ ಮತ್ತು ತೇವಕ್ಕೆ ಕ್ರಮೇಣ ಕೆಡುತ್ತದೆ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯು ಬಿಸಿಲು ಸೆಕೆಗಳಿಗೆ ಬಣ್ಣ ಕಳೆದುಕೊಳ್ಳುತ್ತದೆಯೆಂದು ಅಲ್ಲಿನ ವರ್ತಕರು ಅದನ್ನು ಶೀತಗೃಹಗಳಲ್ಲಿ ಇರಿಸುತ್ತಾರೆ. ಬರೆದ ಸಿ.ಡಿ.ಗೂ ಶತ್ರುಗಳು ಅವೇ. ಕಿಟಕಿಯ ಬಳಿ ಅಥವಾ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಟ್ಟ ಅಗ್ಗದ ತಟ್ಟೆ ಕೆಲವೇ ವರ್ಷಗಳಲ್ಲಿ ಓದಲಾಗದಂತಾಗಬಹುದು. ಹೊಳೆಯುವ ಮಗ್ಗುಲಿಗಿಂತ ಹೆಸರು ಬರೆದಿರುವ ಮಗ್ಗುಲೇ ಹೆಚ್ಚು ನಾಜೂಕು, ಏಕೆಂದರೆ ಧ್ವನಿಯ ಪದರ ಇರುವುದು ಆ ತೆಳು ಅರಗಿನ ಕೆಳಗೇ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಹಾಡಿಗೆ ಗಾಯವಾಗುತ್ತದೆ.

ಪುಸ್ತಕಗಳಿಗೆ ಸಂಬಂಧಿಸಿದಂತೆ 1954ರ ಕಾನೂನಿನ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತಿತರ ಗ್ರಂಥಾಲಯಗಳಿಗೆ ಪ್ರತಿ ಸಲ್ಲಿಸಬೇಕು. ಈ ಕಾನೂನು ಪುಸ್ತಕ ಮತ್ತು ಪತ್ರಿಕೆಗಳಿಗೆ ಸೀಮಿತವಾಗಿದ್ದು ಧ್ವನಿಮುದ್ರಣಗಳನ್ನು ಒಳಗೊಂಡಿಲ್ಲ. ಹೀಗಾಗಿ ಹಳ್ಳಿಯ ಮೇಳವೊಂದು ಇನ್ನೂರು ಪ್ರತಿ ಬರೆಸಿ ಹಂಚಿದ ಸಿ.ಡಿ.ಯು ಯಾವ ಸಾರ್ವಜನಿಕ ಕಪಾಟನ್ನೂ ಸೇರದೆ, ಹಾಡಿದವರಿಗಿಂತ ಮೊದಲೇ ಇಲ್ಲವಾಗುವ ಸಂಭವವಿದೆ. ತಟ್ಟೆಯನ್ನು ಹಂಚಿಕೆಯ ಸಾಧನವೆಂದು ಮಾತ್ರ ಭಾವಿಸಿ, ಸಂಕುಚಿಸದ ಮೂಲ ಕಡತಗಳನ್ನು ಎರಡು ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡುವುದು ಸಂರಕ್ಷಣೆಯ ಕನಿಷ್ಠ ಕ್ರಮ. ಕೆಲವು ವರ್ಷಗಳಿಗೊಮ್ಮೆ ಅವುಗಳನ್ನು ಹೊಸ ಸಾಧನಕ್ಕೆ ನಕಲಿಸಬೇಕು. ಹಳೆಯ ಸಿ.ಡಿ. ಮಾತ್ರ ಉಳಿದಿದ್ದರೆ, ಅದು ಓದಲು ಬರುವಾಗಲೇ ಗಣಕಕ್ಕೆ ಇಳಿಸಿಕೊಳ್ಳಬೇಕು. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಈ ಸೀಮೆಯ ಮೇಳಗಳಿಗೆ ಅತ್ಯಂತ ಸಮೀಪದ ಜಾನಪದ ಅಧ್ಯಯನ ಸಂಸ್ಥೆ. ಅಂಥ ಸಂಸ್ಥೆಗೆ ಪ್ರತಿ ಕೊಡುವಾಗ ಮುಖಪುಟದ ಜೊತೆಗೆ ಪದಗಳ ಪಠ್ಯ, ಹಾಡಿದವರ ಮತ್ತು ನುಡಿಸಿದವರ ಹೆಸರು, ಧಾಟಿಯನ್ನು ಯಾರಿಂದ ಕಲಿತದ್ದೆಂಬ ವಿವರ, ಮುದ್ರಣದ ಸ್ಥಳ ಮತ್ತು ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಬೇಕು.